ಅವನೋ, ಅವಳೋ? ವೈಟ್‌ಫೀಲ್ಡಿನಿಂದ ಪೀಣ್ಯಕ್ಕೊಂದು ನುಡಿಯಾತ್ರೆ

ಬೆಂಗಳೂರೆಂದರೆ ಕೆಂಪೇಗೌಡರ ನಾಲ್ಕು ಗೋಪುರಗಳ ಒಳಗಿನ ಊರು ಎಂದು ಜನ ತಿಳಿದಿದ್ದ ಕಾಲವೊಂದಿತ್ತು. ಆ ಗೋಪುರಗಳು ಈಗ ನಗರದ ನಡುಮನೆಯಲ್ಲಿ ನಿಂತಿವೆ. ನಗರವು ಅವುಗಳನ್ನು ದಾಟಿ ಹತ್ತಾರು ಮೈಲಿ ಹರಿದುಹೋಗಿದೆ. ಪೂರ್ವದಲ್ಲಿ ವೈಟ್‌ಫೀಲ್ಡ್, ದಕ್ಷಿಣದಲ್ಲಿ ಎಲೆಕ್ಟ್ರಾನಿಕ್ ಸಿಟಿ, ವಾಯವ್ಯದಲ್ಲಿ ಪೀಣ್ಯ: ಈ ಮೂರೇ ಇಂದಿನ ಬೆಂಗಳೂರಿನ ಹೊಸ ಗಡಿಗೋಪುರಗಳೆಂದರೆ ತಪ್ಪಾಗಲಾರದು. ಇವುಗಳನ್ನು ನೋಡಲು ಹೋದವರು ಗಾಜಿನ ಕಟ್ಟಡಗಳನ್ನೂ, ಕಾರ್ಖಾನೆಯ ತಗಡಿನ ಮಾಡುಗಳನ್ನೂ, ಸಂಜೆಯ ವಾಹನಗಳ ಸಾಲನ್ನೂ ಕಂಡು ಹಿಂತಿರುಗುವುದು ವಾಡಿಕೆ. ಆದರೆ ಕಣ್ಣಿಗಿಂತ ಕಿವಿಯನ್ನು ಹೆಚ್ಚಾಗಿ ನಂಬುವ ಪ್ರವಾಸಿಗೆ ಇಲ್ಲಿ ಬೇರೊಂದು ಸೋಜಿಗ ಕಾದಿದೆ. ಗಂಡು ಯಾರು, ಹೆಣ್ಣು ಯಾರು ಎಂಬುದನ್ನು ಹೇಳುವ ವಿಷಯದಲ್ಲಿ ಒಂದರಂತೆ ಇನ್ನೊಂದಿಲ್ಲದ ಹತ್ತು ಭಾಷೆಗಳು ಇಲ್ಲಿ ಒಂದೇ ಚಹದಂಗಡಿಯ ಮುಂದೆ ದಿನವೂ ಸೇರುತ್ತವೆ.

ಈ ಸಂತೆಯ ನಡುವೆ ಒಬ್ಬರು ಕಥೆ ಬರೆಯಲು ಕುಳಿತರೆಂದು ಭಾವಿಸೋಣ. ಬರೆಯುವುದು ತಾಯ್ನುಡಿಯಲ್ಲಲ್ಲ, ಕಲಿತ ಭಾಷೆಯಲ್ಲಿ. ಕಥೆಯ ನಾಯಕನೋ ನಾಯಕಿಯೋ ಗಂಡೂ ಅಲ್ಲದ, ಹೆಣ್ಣೂ ಅಲ್ಲದ, ಅಥವಾ ಯಾವುದೆಂದು ಹೇಳಬೇಕಾಗಿಲ್ಲದ ಒಂದು ಜೀವ. ಇದು ಸಾಧ್ಯವೆ? ಸಾಧ್ಯವಾದರೆ ಯಾವ ಭಾಷೆಯಲ್ಲಿ ಸುಲಭ, ಯಾವುದರಲ್ಲಿ ಕಷ್ಟ? ಮೇಲುನೋಟಕ್ಕೆ ಇದು ವ್ಯಾಕರಣದ ಪಂಡಿತರಿಗೆ ಮಾತ್ರ ಬೇಕಾದ ಪ್ರಶ್ನೆಯೆಂದು ತೋರಬಹುದು. ಮೂರು ಊರುಗಳನ್ನು ಸುತ್ತಿ ಬರುವಷ್ಟರಲ್ಲಿ ಅದು ಹಾಗಲ್ಲವೆಂದು ತಿಳಿಯುತ್ತದೆ.

ಬಿಳಿಯರ ಬಯಲಿನಲ್ಲಿ

ವೈಟ್‌ಫೀಲ್ಡ್ ಎಂಬ ಹೆಸರೇ ಪರಭಾಷೆಯದು. ಹತ್ತನೆಯ ಚಾಮರಾಜ ಒಡೆಯರು 1882ರಲ್ಲಿ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಇಲ್ಲಿ 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ಆ ಸಂಘದ ಸ್ಥಾಪಕರಾದ ಡಿ.ಎಸ್. ವೈಟ್ ಅವರ ಹೆಸರು ಊರಿಗೆ ಅಂಟಿಕೊಂಡಿತು. ನಡುವೆ ಮೈದಾನ, ಸುತ್ತ ವೃತ್ತಾಕಾರದ ರಸ್ತೆ, ರಸ್ತೆಯ ಬದಿಗೆ ತೋಟದ ಮನೆಗಳು. ಇನ್ನರ್ ಸರ್ಕಲ್ ಎಂಬ ಹೆಸರು ಇಂದಿಗೂ ಆ ನಕ್ಷೆಯ ನೆನಪನ್ನು ಉಳಿಸಿಕೊಂಡಿದೆ. ಮನೆಯೊಳಗೆ ಇಂಗ್ಲಿಷ್, ಬೇಲಿಯಾಚೆ ಕನ್ನಡ, ತೆಲುಗು, ತಮಿಳು: ಎರಡು ಲೋಕಗಳ ನಡುವಿನ ಮಾತುಕತೆ ಈ ಊರಿಗೆ ಹುಟ್ಟಿನಿಂದಲೇ ಬಂದದ್ದು. 1990ರ ದಶಕದಲ್ಲಿ ಪಟ್ಟಂದೂರು ಅಗ್ರಹಾರದ ಹೊಲಗಳಲ್ಲಿ ತಂತ್ರಜ್ಞಾನ ಉದ್ಯಾನ ಎದ್ದ ಮೇಲೆ ಆ ಎರಡು ಲೋಕಗಳು ಇಪ್ಪತ್ತಾದವು.

ಕಾಡುಗೋಡಿಯ ರೈಲು ನಿಲ್ದಾಣದ ಹೊರಗೆ ಹತ್ತು ನಿಮಿಷ ನಿಂತರೆ ಸಾಕು. ಬಂಗಾಳದಿಂದ ಬಂದ ಗಾರೆಯವರು, ಒಡಿಶಾದ ಕಾವಲುಗಾರರು, ಬಿಹಾರದ ಬಡಗಿಗಳು, ಕೇರಳದ ದಾದಿಯರು, ಆಂಧ್ರದ ಇಂಜಿನಿಯರುಗಳು, ಹೊಸಕೋಟೆಯ ಕಡೆಯಿಂದ ಸೊಪ್ಪು ತರುವ ರೈತ ಹೆಂಗಸರು, ಎಲ್ಲರ ದನಿಯೂ ಒಟ್ಟಿಗೆ ಕೇಳುತ್ತದೆ. ಬಂಗಾಳಿಯಲ್ಲಿ ಅವನು, ಅವಳು ಎಂಬ ಭೇದವೇ ಇಲ್ಲ. 'ಶೇ' ಎಂದರೆ ಇಬ್ಬರೂ ಆಗಬಹುದು. ಗೌರವ ಬೇಕಾದರೆ 'ತಿನಿ'. ಕ್ರಿಯಾಪದವೂ ಲಿಂಗವನ್ನು ಬಿಟ್ಟುಕೊಡುವುದಿಲ್ಲ. ಒಡಿಯಾ ಭಾಷೆಯ ನಡೆಯೂ ಹೀಗೆಯೇ. ಹಿಂದಿಯಲ್ಲಿ ಸರ್ವನಾಮ ಒಂದೇ ಆದರೂ ಕ್ರಿಯಾಪದ ಗುಟ್ಟನ್ನು ಒಡೆದುಬಿಡುತ್ತದೆ. ಅಷ್ಟೇ ಅಲ್ಲ, 'ನಾನು ಹೋಗುತ್ತೇನೆ' ಎಂದು ತನ್ನ ವಿಚಾರವಾಗಿ ಹೇಳಿಕೊಳ್ಳುವಾಗಲೂ ಗಂಡಿಗೊಂದು ರೂಪ, ಹೆಣ್ಣಿಗೊಂದು ರೂಪ. ಮಲಯಾಳದಲ್ಲಿ ಇದರ ತಿರುಗುಮುರುಗು: ಸರ್ವನಾಮದಲ್ಲಿ ಭೇದವುಂಟು, ಕ್ರಿಯಾಪದದಲ್ಲಿಲ್ಲ. ತೆಲುಗಿನಲ್ಲಿ ಏಕವಚನದ ಕ್ರಿಯಾಪದವು ಹೆಣ್ಣಿಗೂ ವಸ್ತುವಿಗೂ ಒಂದೇ.

ಕನ್ನಡವೋ, ಎರಡು ಕಡೆಯೂ ಬೀಗ ಹಾಕುತ್ತದೆ. ಅವನು ಬಂದನು, ಅವಳು ಬಂದಳು, ಅದು ಬಂತು. ಆದ್ದರಿಂದ ಕನ್ನಡ ಕಲಿಯಹೊರಟ ಬಂಗಾಳಿಯೊಬ್ಬರು 'ಅಕ್ಕ ಬಂದ' ಎಂದರೆ ನಗಬಾರದು. ಹುಟ್ಟಿದಾರಭ್ಯ ಕೇಳಿರದ ಪ್ರಶ್ನೆಯೊಂದನ್ನು ಈ ಭಾಷೆ ಪ್ರತಿ ವಾಕ್ಯದ ಕೊನೆಯಲ್ಲೂ ಅವರಿಗೆ ಕೇಳುತ್ತಿದೆ. ಹಿಂದಿಯವರೊಬ್ಬರು 'ಬಸ್ಸು ಬಂದಳು' ಎಂದರೂ ನಗಬೇಕಾಗಿಲ್ಲ. ಅವರ ಊರಿನಲ್ಲಿ ಬಸ್ಸು ಸ್ತ್ರೀಲಿಂಗ.

ಕೇಶಿರಾಜನ ಕಟ್ಟಳೆ

ಕನ್ನಡ ಈ ಕಟ್ಟಳೆಯನ್ನು ಎಲ್ಲಿಂದ ಪಡೆಯಿತು? ಸಂಸ್ಕೃತದಿಂದಲ್ಲ ಎಂಬುದು ಸ್ಪಷ್ಟ. ಸಂಸ್ಕೃತದಲ್ಲಿ ಹೆಂಡತಿ ಎಂಬ ಅರ್ಥದ 'ಭಾರ್ಯಾ' ಸ್ತ್ರೀಲಿಂಗ, 'ದಾರಾ' ಪುಲ್ಲಿಂಗ, 'ಕಲತ್ರ' ನಪುಂಸಕಲಿಂಗ! ಮನೆಯಲ್ಲಿರುವವಳು ಒಬ್ಬಳೇ, ವ್ಯಾಕರಣದಲ್ಲಿ ಮೂರು ವೇಷ. ಕನ್ನಡ ಅಂಥ ಆಟಕ್ಕೆ ಹೋಗಲಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ವನ್ನು ರಚಿಸುವ ವೇಳೆಗಾಗಲೇ ಕನ್ನಡದ ಲಿಂಗ ಅರ್ಥವನ್ನು ಅನುಸರಿಸಿ ನಡೆಯುತ್ತಿತ್ತು. ಗಂಡಸರು ಪುಲ್ಲಿಂಗ, ಹೆಂಗಸರು ಸ್ತ್ರೀಲಿಂಗ, ಉಳಿದದ್ದು ನಪುಂಸಕ. ಕಲ್ಲಿಗೆ, ಮರಕ್ಕೆ, ಬಸ್ಸಿಗೆ ಗಂಡು ಹೆಣ್ಣಿನ ಗೊಡವೆ ಬೇಡ. ಇದು ಬಹಳ ನ್ಯಾಯವಾದ ಏರ್ಪಾಡೇ ಸರಿ. ಆದರೆ ಇದಕ್ಕೊಂದು ಬೆಲೆಯಿದೆ. ಅರ್ಥವನ್ನು ನೋಡಿ ಲಿಂಗವನ್ನು ಹೇಳುವ ಭಾಷೆಯಲ್ಲಿ ಮಾತನಾಡುವವರು ಎದುರಿಗಿರುವ ಮನುಷ್ಯರನ್ನು ಮೊದಲು ನೋಡಿ ತೀರ್ಮಾನಿಸಲೇಬೇಕು. ತೀರ್ಮಾನಿಸದೆ 'ಬಂದ' ಎನ್ನಲಾಗದು, 'ಬಂದಳು' ಎನ್ನಲೂ ಆಗದು.

ಆದರೂ ಕನ್ನಡಿಗರ ಮನೆಮಾತಿನಲ್ಲಿ ಈ ಬೀಗಕ್ಕೆ ಹಲವು ಕಳ್ಳಕೀಲಿಗಳಿವೆ. ಮಗು ಗಂಡಾದರೂ ಹೆಣ್ಣಾದರೂ 'ಅದು'. ಅಳುತ್ತದೆ, ನಗುತ್ತದೆ, ಮಲಗುತ್ತದೆ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಹವ್ಯಕರ ಮನೆಗಳಲ್ಲಿ ದೊಡ್ಡ ಹೆಂಗಸರನ್ನು ಕುರಿತೂ 'ಬಂತು', 'ಹೋತು' ಎನ್ನುವುದೇ ಸಹಜ. ಅದರಲ್ಲಿ ಅಗೌರವದ ಲವಲೇಶವೂ ಇಲ್ಲ. ಕರಾವಳಿಯ ಕೊಂಕಣಿಯಲ್ಲಿಯೂ ಎಳೆಯ ಹುಡುಗಿಯನ್ನು ನಪುಂಸಕಲಿಂಗದಲ್ಲಿ ಹೇಳುವ ರೂಢಿಯುಂಟು. ಇನ್ನು 'ನಮ್ಮ ಮನೆಯವರು' ಎಂಬ ಮಾತನ್ನು ತೆಗೆದುಕೊಳ್ಳಿ. ಹೆಂಡತಿ ಹೇಳಿದರೆ ಗಂಡ, ಗಂಡ ಹೇಳಿದರೆ ಹೆಂಡತಿ. ಹೆಸರು ಹೇಳಲು ನಾಚಿದ ಸಂಪ್ರದಾಯವೇ ಗಂಡು ಹೆಣ್ಣುಗಳಿಗೆ ಸಮನಾದ ಪದವೊಂದನ್ನು ಕೊಟ್ಟುಹೋದದ್ದು ವಿನೋದವಲ್ಲವೆ?

ಬಸ್ಸಿನ ಟಿಕೆಟ್ಟು

ಮೆಜೆಸ್ಟಿಕ್ಕಿನಿಂದ ಕಾಡುಗೋಡಿಗೆ ಹೋಗುವ ಬಸ್ಸುಗಳಲ್ಲಿ 335ಇ ಹಳೆಯ ಹೆಸರಾಂತ ಸಂಖ್ಯೆ. ಇಂಥ ಬಸ್ಸುಗಳಲ್ಲಿ ವ್ಯಾಕರಣವು ಹಣಕಾಸಿನ ಪ್ರಶ್ನೆಯೂ ಆಗಿಬಿಟ್ಟಿದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಂತೆ ರಾಜ್ಯದ ಹೆಂಗಸರಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲ. ನೂಕುನುಗ್ಗಲಿನಲ್ಲಿ ಕಂಡಕ್ಟರು ಮುಖ ನೋಡಿ, ಗುರುತಿನ ಚೀಟಿ ನೋಡಿ, ಶೂನ್ಯ ದರದ ಟಿಕೆಟ್ಟನ್ನು ಕೊಡಬೇಕು ಅಥವಾ ಹಣ ಕೇಳಬೇಕು. ಕೇಳುವಾಗ 'ಎಲ್ಲಿಗಮ್ಮಾ' ಎನ್ನಬೇಕೋ, 'ಎಲ್ಲಿಗಪ್ಪಾ' ಎನ್ನಬೇಕೋ? ಚೀಟಿಯಲ್ಲಿ ಒಂದು, ಮುಖದಲ್ಲಿ ಇನ್ನೊಂದು ಕಂಡರೆ ಏನು ಮಾಡಬೇಕು? ಮಧ್ಯಮ ಪುರುಷದಲ್ಲಿ ಕನ್ನಡ ಉದಾರಿ: 'ಎಲ್ಲಿಗೆ ಹೋಗುತ್ತೀರಿ' ಎಂದರೆ ಯಾರ ಮನಸ್ಸೂ ನೋಯದು. ತೊಡಕು ಹುಟ್ಟುವುದು ಪಕ್ಕದಲ್ಲಿ ಕುಳಿತವರಿಗೆ ಅವರ ವಿಷಯ ಹೇಳುವಾಗ.

ಇದೇ ಈ ಪ್ರಶ್ನೆಯ ಮರ್ಮಸ್ಥಾನ. ತಮಿಳಿನವರಾದ ಎ. ರೇವತಿಯವರು ಬೆಂಗಳೂರಿನ 'ಸಂಗಮ' ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಹಿಜ್ರಾ ಜೀವನದ ತಮ್ಮ ಆತ್ಮಕಥೆಯನ್ನು ತಮ್ಮ ನುಡಿಯಲ್ಲಿ ಬರೆದರು. ಅದು ವಿ. ಗೀತಾ ಅವರ ಅನುವಾದದಲ್ಲಿ 2010ರಲ್ಲಿ ಇಂಗ್ಲಿಷಿಗೆ ಬಂತು, ದು. ಸರಸ್ವತಿಯವರ ಕೈಯಲ್ಲಿ 'ಬದುಕು ಬಯಲು' ಎಂಬ ಹೆಸರಿನಿಂದ ಕನ್ನಡಕ್ಕೂ ಬಂತು, ರಂಗದ ಮೇಲೂ ಏರಿತು. ತಮಿಳಿನಲ್ಲಾಗಲಿ, ಇಂಗ್ಲಿಷಿನಲ್ಲಾಗಲಿ, ಕನ್ನಡದಲ್ಲಾಗಲಿ 'ನಾನು' ಎಂಬ ಪದಕ್ಕೆ ಲಿಂಗವಿಲ್ಲ, ಅದರ ಕ್ರಿಯಾಪದಕ್ಕೂ ಇಲ್ಲ. ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುವಾಗ ಭಾಷೆ ಏನನ್ನೂ ಕೇಳುವುದಿಲ್ಲ. ಊರಿನವರು, ಬಂಧುಗಳು, ಪೋಲೀಸರು ಆ ಮನುಷ್ಯರ ವಿಚಾರ ಎತ್ತಿದೊಡನೆ 'ಅವನು' ಎಂಬುದು ಚಾಟಿಯಾಗುತ್ತದೆ. ಪ್ರಥಮ ಪುರುಷದಲ್ಲಿ ಮಾತನಾಡುವುದೆಂದರೆ ಇನ್ನೊಬ್ಬರ ವಿಚಾರವಾಗಿ ತೀರ್ಪು ಕೊಡುವುದು. ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರಂದು ತನ್ನ ಲಿಂಗವನ್ನು ತಾನೇ ಹೇಳಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. ಕರ್ನಾಟಕವು 2021ರಲ್ಲಿ ಸರ್ಕಾರಿ ಹುದ್ದೆಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1ರ ಮೀಸಲಾತಿಯನ್ನು ಕೊಟ್ಟಿತು. ಕಾನೂನು ಒಂದು ಹೆಜ್ಜೆ ಮುಂದಿಟ್ಟಿತು. ಕ್ರಿಯಾಪದ ಇನ್ನೂ ಹಿಂದೆಯೇ ನಿಂತಿದೆ.

ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಮನೆಗಳು

ವೈಟ್‌ಫೀಲ್ಡಿನ ನೇರಳೆ ಮಾರ್ಗದಲ್ಲಿ ಹೊರಟು, ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಾಗಿ, ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗವನ್ನು ಹಿಡಿದರೆ ಎಲೆಕ್ಟ್ರಾನಿಕ್ ಸಿಟಿ ತಲುಪಬಹುದು. ಬೊಮ್ಮಸಂದ್ರದವರೆಗಿನ ಈ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ತೆರೆಯಿತು. ಮೂರು ಹೊರವಲಯಗಳೂ ಮೆಟ್ರೋ ಹಳಿಯ ಮೇಲೆ ಒಂದಾದದ್ದು ಅಂದಿನಿಂದಲೇ. ಸಿಲ್ಕ್ ಬೋರ್ಡಿನ ವಾಹನಸಾಗರದ ಮೇಲಿನಿಂದ ರೈಲು ತೇಲಿಹೋಗುವಾಗ ಕೆಳಗೆ ನಿಂತ ಕಾರುಗಳನ್ನು ನೋಡುವ ಸುಖ ಪ್ರಯಾಣಿಕರ ಮುಖದಲ್ಲಿ ಕಾಣುತ್ತದೆ.

ಆರ್.ಕೆ. ಬಾಳಿಗರ ಕನಸಿನಿಂದ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ ಮುನ್ನೂರಕ್ಕೂ ಹೆಚ್ಚು ಎಕರೆ ನೆಲದಲ್ಲಿ 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ಈ ನಗರಿಯನ್ನು ಕಟ್ಟಲು ತೊಡಗಿತು. ರಾಗಿ ಬೆಳೆದ ನೆಲದಲ್ಲಿ ಈಗ ಬೆಳೆಯುವುದು ಬರಹ. ಆದರೆ ಯಂತ್ರಗಳು ಓದುವ ಬರಹ. ಆ ಯಂತ್ರದ ಭಾಷೆಗಳಿಗೆ ಗಂಡು ಹೆಣ್ಣಿಲ್ಲ. ಆದರೆ ಯಂತ್ರ ಮನುಷ್ಯರ ಭಾಷೆಯನ್ನು ಮುಟ್ಟಿದೊಡನೆ ಮನುಷ್ಯರ ರೋಗ ಅದಕ್ಕೂ ತಗಲುತ್ತದೆ. ತುರ್ಕಿ ಭಾಷೆಯಲ್ಲಿ ಬಂಗಾಳಿಯಂತೆ ಅವನಿಗೂ ಅವಳಿಗೂ ಒಂದೇ ಪದ. 'ಓ ವೈದ್ಯ' ಎಂಬರ್ಥದ ವಾಕ್ಯವನ್ನು ಕೊಟ್ಟರೆ ಅನುವಾದ ಯಂತ್ರ ಇಂಗ್ಲಿಷಿನಲ್ಲಿ 'ಅವನು' ಎನ್ನುತ್ತಿತ್ತು. 'ಓ ದಾದಿ' ಎಂದರೆ 'ಅವಳು' ಎನ್ನುತ್ತಿತ್ತು. ಯಂತ್ರಕ್ಕೆ ಯಾರೂ ಹೀಗೆಂದು ಹೇಳಿಕೊಟ್ಟಿರಲಿಲ್ಲ. ಮನುಷ್ಯರು ಬರೆದ ರಾಶಿರಾಶಿ ಪುಟಗಳನ್ನು ಓದಿ ಅದು ತಾನೇ ಕಲಿತಿತ್ತು. ಗೂಗಲ್ ಸಂಸ್ಥೆ 2018ರ ಡಿಸೆಂಬರಿನಲ್ಲಿ ಇಂಥ ತುರ್ಕಿ ವಾಕ್ಯಗಳಿಗೆ ಎರಡೂ ಅನುವಾದಗಳನ್ನು ಒಟ್ಟಿಗೆ ತೋರಿಸುವ ಏರ್ಪಾಡನ್ನು ಮಾಡಿತು.

ಯಂತ್ರಕ್ಕೆ ಬಂದ ಕಷ್ಟ ಕಾದಂಬರಿಕಾರರಿಗೆ ಬಹಳ ಮೊದಲೇ ಬಂದಿತ್ತು. ಅಮೆರಿಕದ ಉರ್ಸುಲಾ ಲೆಗ್ವಿನ್ 1969ರಲ್ಲಿ 'ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್' ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಹಿಮದ ಒಂದು ಗ್ರಹ. ಅಲ್ಲಿನ ಜನ ಹೆಚ್ಚಿನ ಕಾಲ ಗಂಡೂ ಅಲ್ಲ, ಹೆಣ್ಣೂ ಅಲ್ಲ. ಕಲ್ಪನೆ ಅದ್ಭುತ, ಆದರೆ ಇಂಗ್ಲಿಷ್ ಕೈಕೊಟ್ಟಿತು. ಲೇಖಕಿ ಎಲ್ಲರನ್ನೂ 'ಅವನು' ಎಂದೇ ಬರೆದರು. ಹೊಸ ಸರ್ವನಾಮವನ್ನು ಹುಟ್ಟಿಸಿ ಭಾಷೆಯನ್ನು ವಿಕಾರಗೊಳಿಸಲಾರೆನೆಂದು 1976ರ ಪ್ರಬಂಧದಲ್ಲಿ ಸಮರ್ಥಿಸಿಕೊಂಡರು. ಆದರೆ 1980ರ ದಶಕದಲ್ಲಿ ಅದೇ ಪ್ರಬಂಧಕ್ಕೆ ಟಿಪ್ಪಣಿ ಸೇರಿಸಿ ತಮ್ಮ ಆ ನಿಲುವನ್ನು ತಾವೇ ತಿದ್ದಿಕೊಂಡರು. 'ಅವನು' ಎಂದು ಓದುತ್ತ ಹೋದ ವಾಚಕರ ಕಣ್ಣಿಗೆ ಆ ಗ್ರಹದಲ್ಲಿ ಬರಿಯ ಗಂಡಸರೇ ಕಂಡಿದ್ದರು. 2013ರಲ್ಲಿ ಆನ್ ಲೆಕಿ ಎಂಬ ಲೇಖಕಿ 'ಆನ್ಸಿಲರಿ ಜಸ್ಟಿಸ್' ಕಾದಂಬರಿಯಲ್ಲಿ ಇದನ್ನು ತಿರುಗಿಸಿ ಎಲ್ಲರನ್ನೂ 'ಅವಳು' ಎಂದರು.

ಇವರಿಬ್ಬರಿಗಿಂತ ಕಠಿನವಾದ ವ್ರತವನ್ನು ಹಿಡಿದವರು ಫ್ರಾನ್ಸಿನ ಆನ್ ಗರೇಟಾ. 1986ರ 'ಸ್ಫಿಂಕ್ಸ್' ಕಾದಂಬರಿಯಲ್ಲಿ ಪ್ರೇಮಿಗಳಿಬ್ಬರ ಲಿಂಗವೂ ಕೊನೆಯವರೆಗೆ ತಿಳಿಯದು. ಫ್ರೆಂಚಿನಲ್ಲಿ ವಿಶೇಷಣಗಳೂ, ಭೂತಕಾಲದ ಕೆಲವು ಕ್ರಿಯಾರೂಪಗಳೂ ಲಿಂಗವನ್ನು ಬಯಲುಮಾಡುತ್ತವೆ. ಇನ್ನು ಕೆಲವು ರೂಪಗಳು ಮಾಡುವುದಿಲ್ಲ. ಗುಟ್ಟು ಕಾಯುವ ರೂಪಗಳನ್ನೇ ಆರಿಸಿಕೊಂಡು ಲೇಖಕಿ ಇಡೀ ಕಥೆಯನ್ನು ನೆಯ್ದರು. 2015ರಲ್ಲಿ ಎಮ್ಮಾ ರಮದಾನ್ ಅದನ್ನು ಇಂಗ್ಲಿಷಿಗೆ ತಂದಾಗ ಕಷ್ಟ ಬೇರೆ ಕಡೆಯಿಂದ ಬಂತು. ಫ್ರೆಂಚಿನಲ್ಲಿ 'ಅವರ ಕೈ' ಎನ್ನುವಾಗ ಸರ್ವನಾಮವು ಕೈಯ ಲಿಂಗವನ್ನು ಅನುಸರಿಸುತ್ತದೆ, ಕೈಯುಳ್ಳವರದನ್ನಲ್ಲ. ಇಂಗ್ಲಿಷಿನಲ್ಲಿ ಕೈಯುಳ್ಳವರದನ್ನೇ ಹೇಳಬೇಕು. ಒಂದು ಭಾಷೆಯ ಅಡಗುತಾಣ ಇನ್ನೊಂದರಲ್ಲಿ ಬಟ್ಟಬಯಲು! ದಂಡಿಯ 'ದಶಕುಮಾರ ಚರಿತ'ದಲ್ಲಿ ನಲ್ಲೆಯ ಹಲ್ಲಿನಿಂದ ತುಟಿ ಗಾಯಗೊಂಡ ಮಂತ್ರಗುಪ್ತ ಓಷ್ಠ್ಯಾಕ್ಷರಗಳೇ ಇಲ್ಲದೆ ತನ್ನ ಕಥೆಯನ್ನೆಲ್ಲ ಹೇಳಿ ಮುಗಿಸುತ್ತಾನಷ್ಟೆ. ಗರೇಟಾ ಅವರ ಸಾಹಸ ಆ ಜಾತಿಯದು.

ಕನ್ನಡದ ಅಡಗುತಾಣಗಳು

ಹಾಗಾದರೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುತ್ತ ಕನ್ನಡ ಕಲಿತ ಬಂಗಾಳಿಯೊಬ್ಬರು ಅಂಥ ಕಥೆಯನ್ನು ಕನ್ನಡದಲ್ಲಿ ಬರೆಯಬಲ್ಲರೆ? ತಾಯ್ನುಡಿಯಲ್ಲಿ ಬೆವರಿಲ್ಲದೆ ಆಗುವ ಕೆಲಸ ಇದು. ಕನ್ನಡದಲ್ಲಿ ಮೊದಲು ಹೊಳೆಯುವ ಉಪಾಯ 'ಅವರು'. ಗಂಡಿಗೂ ಸಲ್ಲುತ್ತದೆ, ಹೆಣ್ಣಿಗೂ ಸಲ್ಲುತ್ತದೆ. ಇಂಗ್ಲಿಷಿನವರು ಒಬ್ಬರಿಗೇ ಬಹುವಚನದ ಸರ್ವನಾಮವನ್ನು ಬಳಸಬಹುದೇ ಎಂದು ಬಹಳ ವಾದಿಸಿದರು. ಸ್ವೀಡನ್ನಿನವರು 'ಹೆನ್' ಎಂಬ ಹೊಸ ಪದವನ್ನೇ 2015ರಲ್ಲಿ ತಮ್ಮ ಅಧಿಕೃತ ನಿಘಂಟಿಗೆ ಸೇರಿಸಿದರು. ಕನ್ನಡಕ್ಕೆ ಅಂಥ ಪರದಾಟವಿಲ್ಲ. ಆದರೆ 'ಅವರು' ಬಂದೊಡನೆ ಗೌರವವೂ ಬಂದು ಕೂರುತ್ತದೆ. ಮೇಷ್ಟರು, ಡಾಕ್ಟರು, ಅತ್ತೆಯವರು 'ಅವರು' ಆಗಬಲ್ಲರು. ಹತ್ತು ವರ್ಷದ ಪೋರರು, ಜೇಬುಗಳ್ಳರು, ಪ್ರಾಣಸ್ನೇಹಿತರು 'ಅವರು' ಆದರೆ ಕಥೆ ನಗೆಗೀಡಾಗುತ್ತದೆ, ಇಲ್ಲವೇ ದೂರವಾಗುತ್ತದೆ. ಎತ್ತರದ ಪೀಠದಲ್ಲಿ ಕೂರಿಸಿದವರನ್ನು ಅಪ್ಪಿಕೊಳ್ಳುವುದು ಕಷ್ಟ.

ಎರಡನೆಯ ಉಪಾಯ ಹೆಸರಿನದು. ಕಿರಣ ಎಂದರೆ 'ಕಿರಣನಿಗೆ' ಎನ್ನಬೇಕಾಗುತ್ತದೆ, ಪುಷ್ಪ ಎಂದರೆ 'ಪುಷ್ಪಳಿಗೆ'. ವಿಭಕ್ತಿಯೇ ಚಾಡಿ ಹೇಳುತ್ತದೆ. ಮಣಿ, ಜ್ಯೋತಿ ಎಂಬ ಇಕಾರಾಂತ ಹೆಸರುಗಳಾದರೆ 'ಮಣಿಗೆ', 'ಜ್ಯೋತಿಯ' ಎಂದು ಪಾರಾಗಬಹುದು. ಮೂರನೆಯದು 'ತಾನು'. ತನ್ನ ಮನೆ, ತನ್ನ ಹಸಿವು, ತನ್ನ ಸಂಬಳ ಎನ್ನುವಾಗ ಭಾಷೆ ಏನನ್ನೂ ಕೇಳುವುದಿಲ್ಲ. ನಾಲ್ಕನೆಯದು ಕನ್ನಡದ ಅಪೂರ್ಣ ಕ್ರಿಯೆಗಳ ಸರಪಳಿ: ಎದ್ದು, ತೊಳೆದು, ಉಟ್ಟು, ನಡೆದು... ಕೊನೆಯ ಕ್ರಿಯಾಪದ ಬರುವವರೆಗೆ ಗುಟ್ಟು ಭದ್ರ.

ಐದನೆಯದು ಎಲ್ಲಕ್ಕಿಂತ ಸ್ವಾರಸ್ಯದ್ದು. 'ಬಂದನು', 'ಬಂದಳು' ಬೇರೆ ಬೇರೆ. ಆದರೆ 'ಬರಲಿಲ್ಲ' ಇಬ್ಬರಿಗೂ ಒಂದೇ. 'ಬರಬೇಕು', 'ಬರಬಹುದು', 'ಬರಬಾರದು', 'ಬರಲಿ': ಇವೂ ಒಂದೇ. ನಡೆದದ್ದನ್ನು, ನಡೆಯುತ್ತಿರುವುದನ್ನು ಹೇಳುವಾಗ ಕನ್ನಡ ಗಂಡೋ ಹೆಣ್ಣೋ ಎಂದು ವಿಚಾರಿಸುತ್ತದೆ. ನಡೆಯದೆ ಹೋದದ್ದನ್ನು, ನಡೆಯಬೇಕಾದ್ದನ್ನು, ನಡೆಯಲಿ ಎಂದು ಹಾರೈಸಿದ್ದನ್ನು ಹೇಳುವಾಗ ವಿಚಾರಿಸುವುದಿಲ್ಲ. ನಿರಾಸೆಗೂ ಆಸೆಗೂ ನಮ್ಮ ಭಾಷೆಯಲ್ಲಿ ಲಿಂಗವಿಲ್ಲ! ಹುಟ್ಟು ಕನ್ನಡಿಗರಿಗೆ ಇದು ಗಮನಕ್ಕೇ ಬಾರದ ಸಂಗತಿ. ಹೊರಗಿನಿಂದ ಬಂದು, ಪ್ರತಿ ಪ್ರತ್ಯಯಕ್ಕೂ ತಡವರಿಸಿ ಕಲಿತವರ ಕಣ್ಣಿಗೇ ಇದು ಮೊದಲು ಬೀಳುವುದು. ಪರಭಾಷೆಯಲ್ಲಿ ಬರೆಯುವವರ ಬಡತನವೂ ಇದೇ, ಸಿರಿಯೂ ಇದೇ.

ಪೀಣ್ಯದ ಮಣಿ

ಹಸಿರು ಮಾರ್ಗದ ರೈಲು ತುಮಕೂರು ರಸ್ತೆಯ ಮೇಲೆ ಎತ್ತರದಲ್ಲಿ ಸಾಗಿ ಪೀಣ್ಯದಲ್ಲಿ ನಿಲ್ಲುತ್ತದೆ. ಇಲ್ಲಿ ಗಾಜಿನ ಬೆಡಗಿಲ್ಲ. ಲೇತುಗಳ ಮೊರೆತ, ಲೋಹಕ್ಕೆ ಮುಲಾಮು ಹಾಕುವ ರಸಾಯನದ ವಾಸನೆ, ಸರಕು ಹೇರಿದ ಪುಟ್ಟ ಲಾರಿಗಳು, ಗೇಟುಗಳಿಗೆ ತೂಗುಹಾಕಿದ 'ಕೆಲಸಗಾರರು ಬೇಕಾಗಿದ್ದಾರೆ' ಎಂಬ ಹಲಗೆಗಳು. 1970ರ ದಶಕದಿಂದ ಬೆಳೆಯುತ್ತ ಬಂದ ಈ ಪ್ರದೇಶದಲ್ಲಿ ಸಾವಿರಾರು ಸಣ್ಣ ಕಾರ್ಖಾನೆಗಳಿವೆ. ಅವುಗಳ ನಡುವೆಯೇ ಸಿದ್ಧ ಉಡುಪಿನ ಕಾರ್ಖಾನೆಗಳು. ಅಲ್ಲಿ ದುಡಿಯುವವರಲ್ಲಿ ಬಹುಪಾಲು ಹೆಂಗಸರು. ಮೇಲೆ ಹೇಳಿದ ಉಪಾಯಗಳನ್ನೆಲ್ಲ ಬಳಸಿ ಪೀಣ್ಯದ ಕಥೆಯೊಂದನ್ನು ಆರಂಭಿಸಿದರೆ ಅದು ಹೀಗಿರಬಹುದು:

"ಬೆಳಗಿನ ಶಿಫ್ಟಿಗೆ ಇನ್ನೂ ಹತ್ತು ನಿಮಿಷವಿತ್ತು. ಮಣಿಗೆ ಹಸಿವಿರಲಿಲ್ಲ. ತಂದ ಬುತ್ತಿಯನ್ನು ಹಾಗೆಯೇ ಗೂಡಿನಲ್ಲಿಟ್ಟು, ಕೈ ತೊಳೆದು, ಯಂತ್ರದ ಮುಂದೆ ನಿಂತದ್ದಾಯಿತು. ರಾತ್ರಿ ಊರಿನಿಂದ ಫೋನು ಬಂದಿತ್ತು. ತಾಯಿಯ ಕಣ್ಣಿನ ಆಪರೇಷನ್ನಿಗೆ ಮುಂದಿನ ವಾರವೇ ಹಣ ಬೇಕು. ತನ್ನ ಸಂಬಳದಲ್ಲಿ ಆಗದ ಮಾತು. ಮುಂಗಡ ಕೇಳಬೇಕು, ಕೇಳಲು ಬಾಯಿ ಬರಲಿಲ್ಲ. ಗಂಟೆ ಹೊಡೆಯಿತು. ಮಣಿಯ ಕೈಗಳು ಎಂದಿನಂತೆ ಕೆಲಸಕ್ಕೆ ತೊಡಗಿದವು. ಮನಸ್ಸು ಮಾತ್ರ ಊರಿನ ಬಸ್ಸು ಹತ್ತಿತ್ತು."

ಮಣಿ ಗಂಡೋ, ಹೆಣ್ಣೋ? ಯಂತ್ರವೆಂದೊಡನೆ ಲೇತನ್ನು ಕಂಡವರಿಗೆ ಮಣಿ ಗಂಡಸಾಗಿ ತೋರಿರಬೇಕು. ಹೊಲಿಗೆಯ ಯಂತ್ರವನ್ನು ಕಂಡವರಿಗೆ ಹೆಂಗಸಾಗಿ ತೋರಿರಬೇಕು. ಕಥೆಯಲ್ಲಿ ಇಲ್ಲದ್ದನ್ನು ವಾಚಕರು ತಮ್ಮ ಕಿಸೆಯಿಂದ ತೆಗೆದು ಸೇರಿಸಿದರು. ಬರೆದವರು ಮೌನವಾಗಿದ್ದಾಗ ಮಾತನಾಡಿದ್ದು ಓದಿದವರ ರೂಢಿ. ತುರ್ಕಿ ವಾಕ್ಯವನ್ನು ಓದಿದ ಯಂತ್ರವೂ ಮಾಡಿದ್ದು ಇದನ್ನೇ ಅಲ್ಲವೆ?

ಆದರೆ ಪೀಣ್ಯವೇ ಇದಕ್ಕೊಂದು ಎದುರುವಾದವನ್ನೂ ಹೂಡುತ್ತದೆ. 2016ರ ಏಪ್ರಿಲ್ 18 ಮತ್ತು 19ರಂದು ಭವಿಷ್ಯನಿಧಿಯ ಹಣವನ್ನು ಹಿಂದಕ್ಕೆ ಪಡೆಯುವ ನಿಯಮವನ್ನು ಬಿಗಿಗೊಳಿಸಿದ್ದನ್ನು ವಿರೋಧಿಸಿ ಸಿದ್ಧ ಉಡುಪು ಕಾರ್ಖಾನೆಗಳ ಕಾರ್ಮಿಕರು ಸಾವಿರ ಸಾವಿರ ಸಂಖ್ಯೆಯಲ್ಲಿ ಹೊಸೂರು ರಸ್ತೆಗೂ ತುಮಕೂರು ರಸ್ತೆಗೂ ಇಳಿದರು. ನಗರ ಸ್ತಬ್ಧವಾಯಿತು. ಎರಡನೆಯ ದಿನವೇ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಈ ಮೂರು ವಾಕ್ಯಗಳನ್ನು ಮತ್ತೊಮ್ಮೆ ಓದಿದರೆ ಒಂದು ಕೊರತೆ ಕಾಣುತ್ತದೆ. 'ಕಾರ್ಮಿಕರು ಇಳಿದರು' ಎಂಬ ಬಹುವಚನದಲ್ಲಿ, ಬೀದಿಗೆ ಬಂದವರಲ್ಲಿ ಹೆಚ್ಚಿನವರು ಹೆಂಗಸರೆಂಬ ಮುಖ್ಯ ಸಂಗತಿಯೇ ಮರೆಯಾಗಿಹೋಯಿತು. ಮನೆಯಲ್ಲಿ ಅಡುಗೆ ಮುಗಿಸಿ, ಮಕ್ಕಳನ್ನು ನೆರೆಯವರಿಗೆ ಒಪ್ಪಿಸಿ ಬಂದವರ ಕೆಚ್ಚು ಆ ನೆರಳಿನಲ್ಲಿ ಕಾಣದಾಯಿತು. ಲಿಂಗವನ್ನು ಹೇಳದಿರುವುದು ಒಂದೆಡೆ ಬಿಡುಗಡೆಯಾದರೆ ಇನ್ನೊಂದೆಡೆ ಮರೆಮಾಚುವಿಕೆಯೂ ಆಗಬಲ್ಲದು.

ಆದ್ದರಿಂದ ಗಂಡು ಹೆಣ್ಣೆಂದು ಹೇಳದ ಕಥೆಯನ್ನು ಬರೆಯುವವರ ಮೇಲೆ ಒಂದು ಹೊಣೆ ಬೀಳುತ್ತದೆ. ಗುಟ್ಟಿಗಾಗಿ ಗುಟ್ಟನ್ನು ಕಾದರೆ ಕಥೆ ಒಗಟಾಗುತ್ತದೆ; ಕೊನೆಯ ಪುಟದಲ್ಲಿ ಉತ್ತರ ಹೇಳಿದರೆ ಚಮತ್ಕಾರ ಮುಗಿಯಿತು. ಹೇಳದಿರುವುದರಿಂದ ಒಂದು ಜೀವದ ಮಾನ ಉಳಿಯುವುದಾದರೆ, ವಾಚಕರ ಕಣ್ಣಿಗೆ ಮನುಷ್ಯರು ಮೊದಲು ಕಂಡು ಮಿಕ್ಕದ್ದು ಆಮೇಲೆ ಕಾಣುವುದಾದರೆ, ಆಗ ಆ ಕಷ್ಟ ಸಾರ್ಥಕ. ಕನ್ನಡಕ್ಕೆ ಈ ವಿಚಾರ ಹೊಸದೇನೂ ಅಲ್ಲ. ಮೈಯ ಗುರುತುಗಳನ್ನು ಕಂಡು ಗಂಡೆಂದೂ ಹೆಣ್ಣೆಂದೂ ಕರೆಯುವ ಲೋಕಕ್ಕೆ, ಒಳಗೆ ಸುಳಿಯುವ ಆತ್ಮ ಎರಡೂ ಅಲ್ಲವೆಂದು ವಚನಕಾರ ಜೇಡರ ದಾಸಿಮಯ್ಯ ಹೇಳಿ ಶತಮಾನಗಳಾದವು. ಅಂಥ ಮಾತನ್ನು ಹೇಳುವಾಗಲೂ 'ಆತ್ಮ'ಕ್ಕೆ ಪುಲ್ಲಿಂಗದ ಪ್ರತ್ಯಯವನ್ನು ಹಚ್ಚುವುದು ನಮ್ಮ ರೂಢಿ. ಅನುಭವ ದಾಟಿದ ಗೆರೆಯನ್ನು ವ್ಯಾಕರಣ ದಾಟಲಿಲ್ಲ.

ಸಂಜೆಯ ಶಿಫ್ಟು ಬಿಡುವ ಹೊತ್ತಿಗೆ ಪೀಣ್ಯದ ರಸ್ತೆಗಳು ತುಂಬುತ್ತವೆ. ಅದೇ ಹೊತ್ತಿಗೆ ವೈಟ್‌ಫೀಲ್ಡಿನಲ್ಲೂ ಎಲೆಕ್ಟ್ರಾನಿಕ್ ಸಿಟಿಯಲ್ಲೂ ಗಾಜಿನ ಬಾಗಿಲುಗಳು ತೆರೆದು ಜನರನ್ನು ಹೊರಗೆ ಬಿಡುತ್ತವೆ. ಮೆಟ್ರೋ ಮೆಟ್ಟಿಲು ಹತ್ತುವ ಆ ಗುಂಪಿನಲ್ಲಿ ಬಂಗಾಳಿಯ 'ಶೇ', ತಮಿಳಿನ 'ಅವರ್', ಕನ್ನಡದ 'ಅವರು' ಎಲ್ಲರೂ ಇದ್ದಾರೆ. ಅವರಲ್ಲಿ ಯಾರೋ ಒಬ್ಬರು ರಾತ್ರಿ ಊಟ ಮುಗಿಸಿ, ಕಲಿತ ಕನ್ನಡದಲ್ಲಿ ಒಂದು ಕಥೆ ಬರೆಯಲು ಕೂರಬಹುದು. ಪ್ರತ್ಯಯ ತಪ್ಪಬಹುದು, ತಿದ್ದಿಕೊಡುವ ಕನ್ನಡಿಗರು ಅಕ್ಕಪಕ್ಕದಲ್ಲಿಯೇ ಸಿಗುತ್ತಾರೆ. ತಿದ್ದುವವರು ಮಾತ್ರ ಒಂದು ಗಳಿಗೆ ತಡೆದು ಕೇಳಬೇಕು: ಇಲ್ಲಿ 'ಬಂದನು' ಎನ್ನಬೇಕೋ, 'ಬಂದಳು' ಎನ್ನಬೇಕೋ ಎಂದಲ್ಲ, ಇಲ್ಲಿ ಅದನ್ನು ಹೇಳಲೇಬೇಕೆ ಎಂದು.